ನಿಯಾಸಿನ್: ಊಟಕ್ಕೊಂದು ಲೆಕ್ಕ, ಔಷಧಿಗೊಂದು ಲೆಕ್ಕ

ಔಷಧಿ ಅಂಗಡಿಯಲ್ಲಿ ಸಿಗುವ ಬಿ-ಕಾಂಪ್ಲೆಕ್ಸ್ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಸಣ್ಣಕ್ಷರದ ಪಟ್ಟಿಯಲ್ಲಿ ‘ನಿಯಾಸಿನಮೈಡ್’ ಎಂದು ಅಚ್ಚಾಗಿರುತ್ತದೆ. ಮುಖಕ್ಕೆ ಹಚ್ಚುವ ಸೀರಮ್ ಬಾಟಲಿಯ ಮೇಲೂ ಈಚೆಗೆ ಅದೇ ಹೆಸರು. ಆನ್‌ಲೈನಿನಲ್ಲಿ ‘ನಿಯಾಸಿನ್ 500’ ಎಂದು ಮಾರಾಟವಾಗುವ ಡಬ್ಬಿಯಲ್ಲಿರುವುದೂ ಇದೇ ಗುಂಪಿನ ವಿಟಮಿನ್ ಬಿ3. ಮೂರಕ್ಕೂ ಒಂದೇ ವಿಟಮಿನ್ ಹೆಸರಿದ್ದರೂ ಒಂದು ನಿರಪಾಯಕಾರಿ, ಇನ್ನೊಂದು ಚರ್ಮಕ್ಕಷ್ಟೇ ಸಂಬಂಧಿಸಿದ್ದು, ಮತ್ತೊಂದು ವೈದ್ಯರ ಕಣ್ಗಾವಲಿಲ್ಲದೆ ಮುಟ್ಟಬಾರದ ಔಷಧಿ.

‘ವಿಟಮಿನ್ ತಾನೇ, ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ ಬಿಡಿ’ ಎನ್ನುವುದು ನಮ್ಮಲ್ಲಿ ಮನೆಮನೆಯ ಮಾತು. ನಿಯಾಸಿನ್ ವಿಷಯದಲ್ಲಿ ಈ ಮಾತು ಅಪಾಯಕಾರಿ. ದಿನಕ್ಕೆ ಹದಿನೈದು ಮಿಲಿಗ್ರಾಂ ಆಸುಪಾಸಿನಲ್ಲಿ ಇದು ಆಹಾರ. ಸಾವಿರ, ಎರಡು ಸಾವಿರ ಮಿಲಿಗ್ರಾಂಗೆ ಏರಿದಾಗ ಇದು ರಕ್ತದ ಕೊಬ್ಬನ್ನು, ಸಕ್ಕರೆಯನ್ನು, ಲಿವರನ್ನು ಅಲುಗಾಡಿಸುವ ಔಷಧಿ. ಮೊದಲನೆಯ ಲೆಕ್ಕವನ್ನು ಅಡುಗೆಮನೆಯಲ್ಲೇ ಸರಿದೂಗಿಸಬಹುದು. ಎರಡನೆಯದನ್ನು ನಮ್ಮಷ್ಟಕ್ಕೆ ನಾವೇ ಶುರುಮಾಡುವ ಹಾಗಿಲ್ಲ.

ರೂಪ ಎರಡು, ಸ್ವಭಾವ ಎರಡು

ವಿಟಮಿನ್ ಬಿ3 ಮುಖ್ಯವಾಗಿ ಎರಡು ರೂಪದಲ್ಲಿ ಸಿಗುತ್ತದೆ. ಒಂದು ನಿಕೋಟಿನಿಕ್ ಆಮ್ಲ, ಇನ್ನೊಂದು ನಿಕೋಟಿನಮೈಡ್. ಎರಡನೆಯದನ್ನೇ ನಿಯಾಸಿನಮೈಡ್ ಎಂದೂ ಬರೆಯುತ್ತಾರೆ. ತಂಬಾಕಿನ ನಿಕೋಟಿನ್ ಬೇರೆ, ಇದು ಬೇರೆ. ಚಟ ಹಿಡಿಸುವ ಗುಣ ಇದಕ್ಕಿಲ್ಲ. ತಿಂದ ಅನ್ನವನ್ನು ಶಕ್ತಿಯನ್ನಾಗಿ ಮಾಡಿಕೊಳ್ಳಲು ಪ್ರತಿ ಜೀವಕೋಶಕ್ಕೂ ಎನ್‌ಎಡಿ ಎಂಬ ಸಹಕಿಣ್ವ ಬೇಕು. ಅದನ್ನು ತಯಾರಿಸಲು ದೇಹಕ್ಕೆ ಎರಡು ರೂಪಗಳಲ್ಲಿ ಯಾವುದಾದರೂ ಆದೀತು. ಕೊರತೆ ನೀಗಿಸುವ ಮಟ್ಟಿಗೆ ಇವು ಒಂದಕ್ಕೊಂದು ಸಮ.

ಪ್ರಮಾಣ ಏರಿದಾಗ ದಾರಿ ಕವಲೊಡೆಯುತ್ತದೆ. ಕೊಲೆಸ್ಟರಾಲ್ ಇಳಿಸುವುದು ನಿಕೋಟಿನಿಕ್ ಆಮ್ಲ ಮಾತ್ರ. ಮುಖ ಕೆಂಪೇರಿಸಿ ಮೈ ಉರಿಸುವುದೂ ಅದೇ. ನಿಕೋಟಿನಮೈಡ್ ಈ ಎರಡನ್ನೂ ಮಾಡುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ತಜ್ಞರು ವಯಸ್ಕರಿಗೆ ಹಾಕಿರುವ ಮಿತಿಯನ್ನು ನೋಡಿದರೆ ಈ ಅಂತರ ಎಷ್ಟೆಂದು ತಿಳಿಯುತ್ತದೆ. ಪೂರಕವಾಗಿ ಸೇವಿಸುವ ನಿಕೋಟಿನಿಕ್ ಆಮ್ಲಕ್ಕೆ ದಿನಕ್ಕೆ 10 ಮಿಲಿಗ್ರಾಂ, ನಿಕೋಟಿನಮೈಡಿಗೆ 900 ಮಿಲಿಗ್ರಾಂ. ಅಮೆರಿಕದವರು ರೂಪಭೇದ ಮಾಡದೆ, ಮಾತ್ರೆ ಮತ್ತು ಬಲವರ್ಧಿತ ಆಹಾರದಿಂದ ಬರುವ ನಿಯಾಸಿನ್ 35 ಮಿಲಿಗ್ರಾಂ ದಾಟಬಾರದು ಎನ್ನುತ್ತಾರೆ. ರೊಟ್ಟಿ, ಬೇಳೆ, ಮೀನಿನಲ್ಲಿ ಸಹಜವಾಗಿರುವ ನಿಯಾಸಿನ್ ಈ ಮಿತಿಗೆ ಸೇರುವುದಿಲ್ಲ. ಊಟದಿಂದ ನಿಯಾಸಿನ್ ಅತಿಯಾಗಿ ತೊಂದರೆಪಟ್ಟವರಿಲ್ಲ.

ಹಾಗಾಗಿ ಡಬ್ಬಿಯ ಮುಂಭಾಗದ ದೊಡ್ಡಕ್ಷರಗಳನ್ನು ನೋಡಿ ತೃಪ್ತರಾಗಬೇಡಿ. ಹಿಂಭಾಗದಲ್ಲಿ ಯಾವ ರೂಪ ಎಂದು ಬರೆದಿದೆ, ಒಂದು ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಇದೆ, ದಿನಕ್ಕೆ ಎಷ್ಟು ಮಾತ್ರೆ ಎಂದಿದೆ, ಮೂರನ್ನೂ ಓದಿ. ಬರೀ ‘ನಿಯಾಸಿನ್’ ಎಂದಿದ್ದು ಅಂಕಿ ನೂರು ದಾಟಿದ್ದರೆ ಅದು ನಿಕೋಟಿನಿಕ್ ಆಮ್ಲವೇ ಎಂದು ಕೇಳಿ ತಿಳಿಯದೆ ಬಾಯಿಗೆ ಹಾಕಿಕೊಳ್ಳಬೇಡಿ. ಬಿ-ಕಾಂಪ್ಲೆಕ್ಸ್ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ನಿಯಾಸಿನಮೈಡ್. ವೈದ್ಯರು ಹೇಳಿದಷ್ಟು ದಿನ ನುಂಗಿದರೆ ಅದರಿಂದ ಭಯವಿಲ್ಲ.

ತಟ್ಟೆಯಲ್ಲಿ ಎಷ್ಟಿದೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 14 ಮಿಲಿಗ್ರಾಂ, ಹೆಂಗಸಿಗೆ 11 ಮಿಲಿಗ್ರಾಂ ನಿಯಾಸಿನ್ ಸಾಕು. ಹೊಲಗದ್ದೆಯಲ್ಲಿ, ಕಟ್ಟಡದಲ್ಲಿ ಮೈಮುರಿದು ದುಡಿಯುವವರಿಗೆ ಅದು ಕ್ರಮವಾಗಿ 23 ಮತ್ತು 18. ಬಸುರಿ, ಬಾಣಂತಿಯರಿಗೆ ಇನ್ನಷ್ಟು ಬೇಕು. ದುಡಿಮೆ ಹೆಚ್ಚಿದಂತೆ ಶಕ್ತಿ ಹೆಚ್ಚು ಬೇಕು, ಶಕ್ತಿ ಹೆಚ್ಚು ಬೇಕಾದಂತೆ ನಿಯಾಸಿನ್ ಹೆಚ್ಚು ಬೇಕು.

ನೂರು ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ಇದೆ. ಅಷ್ಟೇ ತೂಕದ ಕೋಳಿಮಾಂಸದಲ್ಲಿ ಅಥವಾ ಬಂಗುಡೆ ಮೀನಿನಲ್ಲಿ 6ರಿಂದ 10. ಅಣಬೆ, ಸೂರ್ಯಕಾಂತಿ ಬೀಜ, ತೌಡು ತೆಗೆಯದ ಧಾನ್ಯ, ಬೇಳೆಕಾಳು ಇವೂ ಒಳ್ಳೆಯ ಮೂಲಗಳೇ. ಅಕ್ಕಿಯ ನಿಯಾಸಿನ್ ಹೆಚ್ಚಾಗಿ ಹೊರಪದರದಲ್ಲಿರುವುದರಿಂದ ಮಿಲ್ಲಿನಲ್ಲಿ ಪಾಲಿಶ್ ಆದಷ್ಟೂ ಕೈಬಿಡುತ್ತದೆ. ಕರಾವಳಿಯ ಕುಸುಬಲಕ್ಕಿಯಲ್ಲಿ ಹಾಗಾಗುವುದಿಲ್ಲ. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊರಪದರದ ವಿಟಮಿನ್‌ಗಳು ಕಾಳಿನೊಳಕ್ಕೆ ಇಳಿದು, ಮಿಲ್ಲಿಗೆ ಹಾಕಿದ ಮೇಲೂ ಬಹುಪಾಲು ಉಳಿಯುತ್ತವೆ. ಬೆಂಕಿಗೆ ನಿಯಾಸಿನ್ ಜಗ್ಗುವುದಿಲ್ಲ, ನೀರಿಗೆ ಜಗ್ಗುತ್ತದೆ. ಅನ್ನ ಬಸಿದ ಗಂಜಿತಿಳಿಯನ್ನು ಮೋರಿಗೆ ಚೆಲ್ಲಿದರೆ ಅದರ ಜೊತೆ ವಿಟಮಿನ್ ಕೂಡ ಹೋಯಿತೆಂದೇ ಅರ್ಥ. ಬಸಿಯದೆ ಅನ್ನ ಮಾಡುವುದು, ಬಸಿದರೆ ತಿಳಿಯನ್ನು ಸಾರಿಗೋ ಕುಡಿಯಲಿಕ್ಕೋ ಬಳಸುವುದು ಒಳ್ಳೆಯದು.

ಕಾಫಿಯದ್ದು ಇನ್ನೂ ಸ್ವಾರಸ್ಯ. ಹಸಿ ಬೀಜದಲ್ಲಿರುವ ಟ್ರೈಗೊನೆಲಿನ್ ಎಂಬ ವಸ್ತು ಹುರಿಯುವಾಗ ಒಡೆದು, ಅದರ ಒಂದು ಪಾಲು ನಿಕೋಟಿನಿಕ್ ಆಮ್ಲವಾಗುತ್ತದೆ. ಕಪ್ಪಗೆ ಹುರಿದಷ್ಟೂ ಅದು ಹೆಚ್ಚು. ಹಾಗೆಂದು ವಿಟಮಿನ್ನಿಗಾಗಿ ಯಾರೂ ಕಾಫಿ ಹೆಚ್ಚಿಸಬೇಕಾಗಿಲ್ಲ.

ಹಾಲು, ಮೊಟ್ಟೆಗಳಲ್ಲಿ ನಿಯಾಸಿನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದರೂ ಇವು ನಿಯಾಸಿನ್ ಕೊರತೆಯನ್ನು ತಡೆಯುತ್ತವೆ. ಇವುಗಳ ಪ್ರೋಟೀನಿನಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವಿದೆ, ದೇಹ ಅದರಿಂದಲೇ ನಿಯಾಸಿನ್ ತಯಾರಿಸಿಕೊಳ್ಳುತ್ತದೆ. ಸರಾಸರಿ 60 ಮಿಲಿಗ್ರಾಂ ಟ್ರಿಪ್ಟೊಫಾನಿನಿಂದ 1 ಮಿಲಿಗ್ರಾಂ. ಒಂದು ಮೊಟ್ಟೆಯಿಂದ, ಒಂದು ಲೋಟ ಹಾಲಿನಿಂದ ಹೀಗೆ ಒಂದು ಮಿಲಿಗ್ರಾಮಿಗಿಂತ ತುಸು ಹೆಚ್ಚೇ ದಕ್ಕುತ್ತದೆ. ಈ ತಯಾರಿಕೆಗೆ ವಿಟಮಿನ್ ಬಿ6, ಬಿ2, ಕಬ್ಬಿಣಾಂಶ ಮೂರೂ ಬೇಕು.

ಜೋಳದ ನಾಡಿನ ಕಾಯಿಲೆ

ನಿಯಾಸಿನ್ ಕೊರತೆಯಿಂದ ಬರುವ ಕಾಯಿಲೆ ಪೆಲಗ್ರಾ. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲಿ ಮೆಕ್ಕೆಜೋಳವನ್ನೇ ನಂಬಿ ಬದುಕುತ್ತಿದ್ದ ಬಡವರಲ್ಲಿ ಇದನ್ನು ಗುರುತಿಸಿದ. ಕುತ್ತಿಗೆಯ ಸುತ್ತ ಮೂಡುವ ಕಪ್ಪು ಪಟ್ಟಿಯನ್ನು ವೈದ್ಯರು ಇಂದಿಗೂ ಕಸಾಲನ ಹಾರ ಎಂದೇ ಕರೆಯುತ್ತಾರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲಗ್ರಾ ಹಬ್ಬಿದಾಗ ಅದು ಅಂಟುರೋಗವೆಂದೇ ಬಹಳ ಮಂದಿ ನಂಬಿದ್ದರು. ಸರ್ಕಾರಿ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ 1914ರಿಂದ ಅದರ ಬೆನ್ನುಹತ್ತಿದರು. ಅನಾಥಾಲಯ, ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಬರುತ್ತಿದ್ದ ಕಾಯಿಲೆ ಅಲ್ಲಿನ ಸಿಬ್ಬಂದಿಗೆ ಬರುತ್ತಿರಲಿಲ್ಲ. ಇಬ್ಬರ ಊಟ ಮಾತ್ರ ಬೇರೆಬೇರೆ ಇತ್ತು. ಹಾಲು, ಮೊಟ್ಟೆ, ಮಾಂಸ ಕೊಟ್ಟಲ್ಲಿ ರೋಗ ಮಾಯವಾಯಿತು. ಅಂಟುರೋಗವಲ್ಲ ಎಂದು ತೋರಿಸಲು ಅವರು ರೋಗಿಗಳ ರಕ್ತವನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಊಟದಲ್ಲಿ ಕೊರತೆಯಾಗಿದ್ದು ನಿಕೋಟಿನಿಕ್ ಆಮ್ಲ ಎಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಜೆಮ್ 1937ರಲ್ಲಿ ಕಂಡುಹಿಡಿಯುವ ಹೊತ್ತಿಗೆ ಗೋಲ್ಡ್‌ಬರ್ಗರ್ ಬದುಕಿರಲಿಲ್ಲ.

ಮೆಕ್ಕೆಜೋಳದಲ್ಲಿರುವ ನಿಯಾಸಿನ್ ನಾರಿನಂಶದೊಂದಿಗೆ ಬಿಗಿಯಾಗಿ ಬೆಸೆದುಕೊಂಡಿರುತ್ತದೆ, ಕರುಳಿಗೆ ಬಿಟ್ಟುಕೊಡುವುದಿಲ್ಲ. ಮೆಕ್ಸಿಕೋದ ಜನ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿ ರುಬ್ಬುತ್ತಿದ್ದರು. ಸುಣ್ಣ ಆ ಬೆಸುಗೆಯನ್ನು ಬಿಡಿಸುತ್ತಿದ್ದುದರಿಂದ ಅವರು ಉಳಿದುಕೊಂಡರು. ಬೆಳೆಯನ್ನು ಒಯ್ದ ಯುರೋಪಿನವರು ಈ ಅಡುಗೆ ಕ್ರಮವನ್ನು ಒಯ್ಯಲಿಲ್ಲ.

ನಮ್ಮ ದಖ್ಖನಿನಲ್ಲಿ ಪೆಲಗ್ರಾ ಕಂಡದ್ದು ಮೆಕ್ಕೆಜೋಳದಿಂದಲ್ಲ, ರೊಟ್ಟಿ ಬಡಿಯುವ ಜೋಳವನ್ನೇ ಹೆಚ್ಚುಕಡಿಮೆ ಏಕೈಕ ಆಹಾರವಾಗಿ ಉಣ್ಣುತ್ತಿದ್ದ ಬಡವರಲ್ಲಿ. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪೂರ್ವರೂಪವಾಗಿದ್ದ ಹೈದರಾಬಾದಿನ ಸಂಶೋಧನಾಲಯದಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಇದನ್ನು ಅಭ್ಯಾಸ ಮಾಡಿದರು. ಜೋಳದಲ್ಲಿ ಟ್ರಿಪ್ಟೊಫಾನ್ ಮೆಕ್ಕೆಜೋಳದಷ್ಟು ಕಡಿಮೆಯಿಲ್ಲ, ಮತ್ತೇಕೆ ಪೆಲಗ್ರಾ ಎಂಬುದು ಅವರ ಪ್ರಶ್ನೆಯಾಗಿತ್ತು. ಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ವಿಪರೀತವಾಗಿದ್ದು, ಅದು ನಿಯಾಸಿನ್ ತಯಾರಿಕೆಗೆ ಅಡ್ಡಬರುತ್ತದೆ ಎಂದು 1960ರಲ್ಲಿ ಅವರು ಪ್ರಕಟಿಸಿದರು. ಮುಂದೆ ಎಲ್ಲ ಪ್ರಯೋಗಾಲಯಗಳಲ್ಲೂ ಅದೇ ಫಲಿತಾಂಶ ಬರಲಿಲ್ಲವಾದ್ದರಿಂದ ಲ್ಯೂಸಿನ್ ಒಂದನ್ನೇ ದೂರುವುದು ಸರಿಯಲ್ಲ ಎಂಬ ವಾದವೂ ಇದೆ. ಜೋಳದ ಹೊರತು ಬೇರೇನೂ ಸಿಗದ ಬಡತನ ಇದಕ್ಕೆ ಮೂಲ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ.

ಇದನ್ನೋದಿ ಯಾರೂ ಜೋಳದ ರೊಟ್ಟಿ ಬಿಡಬೇಕಿಲ್ಲ. ಉತ್ತರ ಕರ್ನಾಟಕದ ತಟ್ಟೆಯನ್ನು ಒಮ್ಮೆ ನೋಡಿ. ಕಟಿ ರೊಟ್ಟಿಯ ಪಕ್ಕದಲ್ಲಿ ಶೇಂಗಾ ಹಿಂಡಿ, ಅದರ ಮೇಲೆ ಗಟ್ಟಿ ಮೊಸರು, ಮಡಕೆ ಕಾಳಿನ ಪಲ್ಯ, ಪುಂಡಿ ಸೊಪ್ಪಿಗೆ ಹಾಕಿದ ಬೇಳೆ. ಶೇಂಗಾದಿಂದ ನಿಯಾಸಿನ್ ನೇರವಾಗಿ ಬರುತ್ತದೆ, ಮೊಸರು, ಬೇಳೆ, ಕಾಳಿನಿಂದ ಟ್ರಿಪ್ಟೊಫಾನ್ ಸೇರುತ್ತದೆ. ರೊಟ್ಟಿಯಲ್ಲಿ ಇಲ್ಲದ್ದನ್ನು ಅಕ್ಕಪಕ್ಕದವು ತುಂಬಿಕೊಡುತ್ತವೆ. ಇಂಥ ಊಟ ಮಾಡುವ ಆರೋಗ್ಯವಂತರಿಗೆ ನಿಯಾಸಿನ್ ಮಾತ್ರೆಯ ಅಗತ್ಯವಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಪೆಲಗ್ರಾ ಈಗ ವಿರಳ, ಆದರೆ ಇಲ್ಲವೆಂದಲ್ಲ. ವರ್ಷಗಟ್ಟಲೆ ಕುಡಿದು ಊಟ ಬಿಟ್ಟವರಲ್ಲಿ ಇಂದಿಗೂ ಕಾಣುತ್ತದೆ. ಟಿಬಿ ಚಿಕಿತ್ಸೆಯ ಐಸೊನಿಯಾಜಿಡ್ ಮಾತ್ರೆ ವಿಟಮಿನ್ ಬಿ6ರ ಕೆಲಸಕ್ಕೆ ತಡೆಯೊಡ್ಡುವುದರಿಂದ, ಮೊದಲೇ ಸೊರಗಿದ ರೋಗಿಗಳಲ್ಲಿ ಇದು ತಲೆದೋರಬಹುದು. ಕರುಳಿನ ದೀರ್ಘಕಾಲದ ಕಾಯಿಲೆ ಇದ್ದವರು, ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕೂಡ ಎಚ್ಚರದಿಂದಿರಬೇಕು.

ಗುರುತು ಹಿಡಿಯಲು ಮೊದಲು ಕೈ ನೋಡಿ. ಬಿಸಿಲು ಬೀಳುವ ಜಾಗದಲ್ಲಷ್ಟೇ, ಎರಡೂ ಕೈಗಳ ಹಿಂಬದಿಯಲ್ಲಿ ಒಂದೇ ಸಮನಾಗಿ, ಬಿಸಿಲಿಗೆ ಸುಟ್ಟಂತೆ ಚರ್ಮ ಕೆಂಪಾಗಿ ಉರಿಯುತ್ತದೆ. ದಿನ ಕಳೆದಂತೆ ಕಪ್ಪಗೆ, ದಪ್ಪಗೆ, ಒರಟಾಗಿ ಬಿರಿದು ಹೊಟ್ಟು ಏಳುತ್ತದೆ. ಅಂಗಿಯ ತೋಳು ಮುಚ್ಚಿದ ಕಡೆ ಚರ್ಮ ಮಾಮೂಲಾಗಿದ್ದು, ಎರಡರ ನಡುವೆ ಗೆರೆ ಎಳೆದಂತೆ ಗಡಿ ಕಾಣುತ್ತದೆ. ಪಾದದ ಮೇಲೆ, ಕುತ್ತಿಗೆಯ ಸುತ್ತ ಕೂಡ ಹೀಗೇ. ಜೊತೆಗೆ ನಾಲಿಗೆ ಕೆಂಪಗೆ ಹುಣ್ಣಾಗುವುದು, ಭೇದಿ, ನಿದ್ದೆಗೇಡು, ಸಿಡುಕು, ಮರೆವು, ಗೊಂದಲ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಸಿಕ್ಕರೆ ಗುಣ ಬೇಗ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನಕ್ಕೆ 300 ಮಿಲಿಗ್ರಾಂ ನಿಕೋಟಿನಮೈಡನ್ನು ಪಾಲುಮಾಡಿ ಮೂರು ನಾಲ್ಕು ವಾರ ಕೊಡುತ್ತಾರೆ, ಬೇರೆ ಬಿ ವಿಟಮಿನ್‌ಗಳು ಮತ್ತು ಒಳ್ಳೆಯ ಊಟದ ಜೊತೆಗೆ. ಟಿಬಿ ಮಾತ್ರೆ ನುಂಗುವವರು ಇಂಥ ಲಕ್ಷಣ ಕಂಡರೆ ಮಾತ್ರೆಯನ್ನು ತಾವೇ ನಿಲ್ಲಿಸದೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಕೊಲೆಸ್ಟರಾಲಿಗೆ ನಿಯಾಸಿನ್ ಬೇಕೇ?

ಗ್ರಾಂ ಲೆಕ್ಕದಲ್ಲಿ ಕೊಟ್ಟ ನಿಕೋಟಿನಿಕ್ ಆಮ್ಲ ರಕ್ತದ ಕೊಲೆಸ್ಟರಾಲ್ ಇಳಿಸುತ್ತದೆಂದು 1955ರಲ್ಲಿ ಕೆನಡಾದ ರುಡಾಲ್ಫ್ ಆಲ್ಟ್‌ಶುಲ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಕೊಲೆಸ್ಟರಾಲಿಗೆ ಇಂದು ಕೊಡುವ ಸ್ಟ್ಯಾಟಿನ್ ಮಾತ್ರೆಗಳು ಬರುವ ಮುಂಚಿನ ಕಾಲವದು. ಕೆಟ್ಟ ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡ್ ಇಳಿಯುತ್ತವೆ, ಒಳ್ಳೆಯದೆನ್ನುವ ಎಚ್‌ಡಿಎಲ್ ಏರುತ್ತದೆ. ಲ್ಯಾಬಿನ ವರದಿ ನೋಡಿದರೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲವೆನ್ನಿಸಬೇಕು.

ಆದರೆ ರೋಗಿಗೆ ಬೇಕಾದದ್ದು ಒಳ್ಳೆಯ ವರದಿಯಲ್ಲ, ಹೃದಯಾಘಾತ ತಪ್ಪುವುದು. ಸ್ಟ್ಯಾಟಿನ್ ನುಂಗುತ್ತಿರುವವರಿಗೆ ಮೇಲಿಂದ ನಿಯಾಸಿನ್ ಸೇರಿಸಿ ನಡೆಸಿದ ಎಐಎಂ-ಹೈ ಎಂಬ ಅಧ್ಯಯನವನ್ನು ಪ್ರಯೋಜನವಿಲ್ಲವೆಂದು 2011ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಬ್ರಿಟನ್, ಚೀನಾ, ಸ್ಕ್ಯಾಂಡಿನೇವಿಯಾದ 25,673 ಮಂದಿಯ ಮೇಲೆ ನಡೆದ ಎಚ್‌ಪಿಎಸ್2-ಥ್ರೈವ್ ಅಧ್ಯಯನದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ನಿಯಾಸಿನ್ ಜೊತೆಗೆ ಮುಖದ ಕೆಂಪು ತಗ್ಗಿಸುವ ಲಾರೊಪಿಪ್ರಾಂಟ್ ಎಂಬ ಔಷಧಿಯನ್ನೂ ಕೊಡಲಾಗಿತ್ತು. ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಹೊಸದಾಗಿ ಸಕ್ಕರೆ ಕಾಯಿಲೆ ಬಂದವರ ಪ್ರಮಾಣ ಶೇ 32ರಷ್ಟು ಹೆಚ್ಚಾಯಿತು. ಸೋಂಕು, ರಕ್ತಸ್ರಾವ, ಹೊಟ್ಟೆ ಮತ್ತು ಸ್ನಾಯುವಿನ ತೊಂದರೆಗಳೂ ಹೆಚ್ಚಾದವು. ಸ್ಟ್ಯಾಟಿನ್ ಜೊತೆ ಬೆರೆಸಿದ ನಿಯಾಸಿನ್ ಮಾತ್ರೆಗಳಿಗೆ ಕೊಟ್ಟಿದ್ದ ಅನುಮತಿಯನ್ನು ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಹಿಂಪಡೆದರು. ಹೆಚ್ಚುವರಿ ನಿಯಾಸಿನ್ ದೇಹದಲ್ಲಿ ಒಡೆದಾಗ ಹುಟ್ಟುವ ಒಂದು ವಸ್ತು ರಕ್ತದಲ್ಲಿ ಹೆಚ್ಚಿದ್ದವರಲ್ಲಿ ಹೃದಯದ ತೊಂದರೆ ಹೆಚ್ಚಿದ್ದುದನ್ನು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಸಂಶೋಧಕರು 2024ರಲ್ಲಿ ವರದಿ ಮಾಡಿದರು. ಅದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವೆಂದು ಸಾಬೀತಾಗಿಲ್ಲ. ಬೇಡದೆ ನುಂಗುವವರು ಯೋಚಿಸಲು ಅಷ್ಟು ಸಾಕು.

ಇಂದು ವೈದ್ಯರು ಇದನ್ನು ಬರೆಯುವುದು ಅಪರೂಪ. ಟ್ರೈಗ್ಲಿಸರೈಡ್ ವಿಪರೀತ ಏರಿದ್ದು ಬೇರೆ ಔಷಧಿ ಒಗ್ಗದ ಕೆಲವರಿಗೆ ಮಾತ್ರ. ಸ್ಟ್ಯಾಟಿನ್ ಬಿಟ್ಟು ‘ನೈಸರ್ಗಿಕ’ ಎಂದು ನಿಯಾಸಿನ್ ಹಿಡಿಯುವ ಆಲೋಚನೆ ನಿಮಗಿದ್ದರೆ ದಯವಿಟ್ಟು ಕೈಬಿಡಿ.

ವೈದ್ಯರೇ ಬರೆದಿದ್ದರೆ

ಮೊದಲು ಎದುರಾಗುವುದು ಮೈಬಿಸಿ. ಸಾಧಾರಣ ನಿಕೋಟಿನಿಕ್ ಆಮ್ಲ ನುಂಗಿ ಕಾಲು ಗಂಟೆ, ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಿವಿ, ಕೆನ್ನೆ ಕಾವೇರುತ್ತವೆ. ಮೆಣಸಿನಕಾಯಿ ಹಚ್ಚಿದಂತೆ ಉರಿ ಕುತ್ತಿಗೆಗೆ, ಎದೆಗೆ, ತೋಳಿಗೆ ಇಳಿಯುತ್ತದೆ. ತುರಿಕೆ, ಜುಮುಗುಟ್ಟುವಿಕೆ, ಕೆಲವರಿಗೆ ತಲೆಸುತ್ತು, ಎದೆಬಡಿತ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಇಳಿಯುತ್ತದೆ. ಇದು ಅಲರ್ಜಿಯಲ್ಲ, ಚರ್ಮದ ಕೋಶಗಳು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಹೀಗಾಗುತ್ತದೆ. ಮುಖ, ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ ಮಾತ್ರ ಅದು ಬೇರೆಯೇ ಸಂಗತಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಊಟವಾದ ಮೇಲೆ ನುಂಗುವುದು, ಆ ಹೊತ್ತಿಗೆ ಬಿಸಿ ಕಾಫಿ, ಖಾರ, ಮದ್ಯ ದೂರವಿಡುವುದು, ಸಣ್ಣ ಪ್ರಮಾಣದಿಂದ ಶುರುಮಾಡಿ ವಾರಗಟ್ಟಲೆ ತೆಗೆದುಕೊಂಡು ನಿಧಾನವಾಗಿ ಏರಿಸುವುದು ಉಪಯೋಗಕ್ಕೆ ಬರುತ್ತದೆ. ಅರ್ಧ ಗಂಟೆ ಮೊದಲು ಆಸ್ಪಿರಿನ್ ಕೊಡುವ ಕ್ರಮವೂ ಇದೆ. ಆದರೆ ಹೊಟ್ಟೆಹುಣ್ಣು ಇರುವವರಿಗೆ, ಮಳೆಗಾಲದಲ್ಲಿ ಡೆಂಗಿ ಶಂಕೆಯ ಜ್ವರವಿದ್ದವರಿಗೆ ಆಸ್ಪಿರಿನ್ ಅಪಾಯ. ಹಾಗಾಗಿ ಅದನ್ನೂ ವೈದ್ಯರೇ ಹೇಳಬೇಕು. ಕೆಲವು ದಿನ ಮಾತ್ರೆ ತಪ್ಪಿಹೋದರೆ ಮೈಗೆ ಅದರ ಅಭ್ಯಾಸ ತಪ್ಪಿರುತ್ತದೆ. ಹಳೆಯ ಪ್ರಮಾಣದಿಂದಲೇ ಮತ್ತೆ ಶುರುಮಾಡಬೇಡಿ.

ಮೈಬಿಸಿಗಿಂತ ನೂರು ಪಾಲು ಗಂಭೀರವಾದದ್ದು ಲಿವರಿನ ವಿಷಯ. ಮಾತ್ರೆಗಳಲ್ಲಿ ಬೇಗ ಕರಗುವುದು, ನಿಧಾನವಾಗಿ ಕರಗುವುದು ಎಂಬ ಭೇದವಿದೆ. ಉರಿ ಕಡಿಮೆ ಎಂದು ಜನ ನಿಧಾನದ್ದನ್ನು ಇಷ್ಟಪಡುತ್ತಾರೆ, ಆದರೆ ಲಿವರಿಗೆ ಹೆಚ್ಚು ಪೆಟ್ಟು ಅದರಿಂದಲೇ. ಎರಡನ್ನೂ ಹೋಲಿಸಿ 1994ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ನಿಧಾನದ ಮಾತ್ರೆ ತೆಗೆದುಕೊಂಡವರಲ್ಲಿ ಅರ್ಧದಷ್ಟು ಮಂದಿಗೆ ಲಿವರಿನ ತೊಂದರೆ ಕಾಣಿಸಿತು, ಬೇಗ ಕರಗುವ ಮಾತ್ರೆಯವರಲ್ಲಿ ಒಬ್ಬರಿಗೂ ಇಲ್ಲ. ಒಂದು ಬಗೆಯಿಂದ ಇನ್ನೊಂದು ಬಗೆಗೆ ಅಷ್ಟೇ ಮಿಲಿಗ್ರಾಂ ಲೆಕ್ಕದಲ್ಲಿ ಬದಲಿಸಿಕೊಂಡು ಕಾಮಾಲೆ ತಂದುಕೊಂಡವರಿದ್ದಾರೆ. ಅಂಗಡಿಯವರು ‘ಅದಿಲ್ಲ, ಇದೂ ಅದೇ’ ಎಂದರೆ ಒಪ್ಪಬೇಡಿ. ‘ಉರಿಯಿಲ್ಲದ ನಿಯಾಸಿನ್’ ಎಂದು ಮಾರುವುದು ಹೆಚ್ಚಾಗಿ ಇನೊಸಿಟಾಲ್ ನಿಕೋಟಿನೇಟ್. ಅದರಿಂದ ಕೊಲೆಸ್ಟರಾಲ್ ಇಳಿಯುವುದಿಲ್ಲ, ದುಡ್ಡು ದಂಡ.

ಶುರುಮಾಡುವ ಮೊದಲು ಲಿವರ್, ಸಕ್ಕರೆ, ಯೂರಿಕ್ ಆಮ್ಲದ ಪರೀಕ್ಷೆ ಆಗಿರಬೇಕು, ಆಮೇಲೆ ವೈದ್ಯರು ಹೇಳಿದ ಅವಧಿಗೆ ಮತ್ತೆ ಮತ್ತೆ. ಲಿವರ್ ಕಾಯಿಲೆಯವರು, ಜಠರದ ಹುಣ್ಣಿನವರು, ದಿನವೂ ಕುಡಿಯುವವರು ಇದನ್ನು ಮುಟ್ಟಬಾರದು. ಸಕ್ಕರೆ ಕಾಯಿಲೆ, ಗೌಟ್ ಇರುವವರಿಗೆ ಕಾಯಿಲೆ ಕೆರಳುತ್ತದೆ. ಬಿಪಿ ಮಾತ್ರೆ ನುಂಗುವವರಿಗೆ ಎದ್ದು ನಿಂತಾಗ ತಲೆ ಸುತ್ತಬಹುದು. ಸ್ಟ್ಯಾಟಿನ್ ಜೊತೆಯಲ್ಲಿದ್ದರೆ ಸ್ನಾಯುವಿನ ನೋವನ್ನು ಕಡೆಗಣಿಸಬಾರದು. ಗರ್ಭಿಣಿಯರು ಔಷಧಿ ಪ್ರಮಾಣದ ನಿಯಾಸಿನ್ ತೆಗೆದುಕೊಳ್ಳಬಾರದು.

ಸೀರಮ್ ಮತ್ತು ಉಳಿದವು

ಚರ್ಮಕ್ಕೆ ಹಚ್ಚುವ ನಿಯಾಸಿನಮೈಡ್ ಶೇ 2ರಿಂದ 5ರಷ್ಟಿದ್ದರೆ ಬಹುತೇಕರಿಗೆ ಒಗ್ಗುತ್ತದೆ, ಕಲೆ ಮತ್ತು ಎಣ್ಣೆಜಿಡ್ಡು ತುಸು ತಗ್ಗಬಹುದು. ಶೇ 10ರ ಬಾಟಲಿ ಎರಡು ಪಟ್ಟು ಒಳ್ಳೆಯದೇನಲ್ಲ, ಕೆಲವರಿಗೆ ಉರಿ ತರುತ್ತದೆ. ಕಿವಿಯ ಹಿಂದೆ ಹಚ್ಚಿ ಒಂದೆರಡು ದಿನ ನೋಡಿ ಮುಖಕ್ಕೆ ಬಳಸಿ.

ಚರ್ಮದ ಕ್ಯಾನ್ಸರಿಗೆ ಮೊದಲೇ ತುತ್ತಾಗಿದ್ದ 386 ಮಂದಿಗೆ ಆಸ್ಟ್ರೇಲಿಯಾದಲ್ಲಿ ದಿನಕ್ಕೆರಡು ಬಾರಿ 500 ಮಿಲಿಗ್ರಾಂ ನಿಕೋಟಿನಮೈಡ್ ಮಾತ್ರೆ ಕೊಟ್ಟಾಗ ಹೊಸ ಗೆಡ್ಡೆಗಳು ಶೇ 23ರಷ್ಟು ಕಡಿಮೆಯಾದವೆಂದು 2015ರಲ್ಲಿ ವರದಿಯಾಯಿತು. ಮಾತ್ರೆ ನಿಲ್ಲಿಸಿದ ಮೇಲೆ ಆ ಲಾಭ ಉಳಿಯಲಿಲ್ಲ. ಬಿಸಿಲಿಗೆ ಸುಟ್ಟ ಬಿಳಿಚರ್ಮದವರ ಈ ಅನುಭವವನ್ನು ನಮಗೆ ಹೊಂದಿಸಿಕೊಂಡು ಮಾತ್ರೆ ನುಂಗಲು ಕಾರಣವಿಲ್ಲ. ನಿಕೋಟಿನಮೈಡ್ ಕೂಡ ದಿನಕ್ಕೆ 3 ಗ್ರಾಂ ದಾಟಿದರೆ ಲಿವರಿಗೆ ತೊಂದರೆ ಕೊಡಬಲ್ಲದು. ಮುಪ್ಪು ತಡೆಯುತ್ತವೆಂದು ದುಬಾರಿ ಬೆಲೆಗೆ ಮಾರುವ ಎನ್‌ಎಂಎನ್ ಮುಂತಾದ ಪೂರಕಗಳು ಮನುಷ್ಯರಲ್ಲಿ ಆಯುಸ್ಸು ಹೆಚ್ಚಿಸಿದ್ದಕ್ಕೆ ಪುರಾವೆಯಿಲ್ಲ.

ಈಗಾಗಲೇ ಯಾವುದೋ ಡಬ್ಬಿಯಿಂದ ದೊಡ್ಡ ಪ್ರಮಾಣದ ನಿಯಾಸಿನ್ ನುಂಗುತ್ತಿದ್ದರೆ ಈ ಲಕ್ಷಣಗಳನ್ನು ನೆನಪಿಡಿ: ಊಟ ಸೇರದಿರುವುದು, ಬಿಡದ ವಾಕರಿಕೆ, ಬಲಪಕ್ಕೆಯಡಿ ನೋವು, ಮೂತ್ರ ಚಹಾ ಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು, ದೃಷ್ಟಿ ಮಸುಕಾಗುವುದು. ಇವುಗಳಲ್ಲಿ ಒಂದು ಕಂಡರೂ ಮಾತ್ರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ‘ಏನಾದರೂ ಮಾತ್ರೆ ತಗೊಳ್ತೀರಾ’ ಎಂದು ವೈದ್ಯರು ಕೇಳಿದಾಗ ಎಷ್ಟೋ ಜನ ವಿಟಮಿನ್ ಹೆಸರು ಹೇಳುವುದೇ ಇಲ್ಲ, ಅದು ಔಷಧಿ ಎಂದು ಅವರಿಗೆ ಅನ್ನಿಸುವುದಿಲ್ಲ. ಆ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿ.